ಹನ್ನೊಂದು

ಸೋಮವಾರ ಸೋಮವಾರ ಬರುತ್ತಿದ್ದರು ಪುರ್ಸೊ ತಾಂಡೇಲರು,
ಕೋಡಿಬಾಗದಿಂದ ಟೆಂಪೊದಲ್ಲಿ, ಮಗಳು ಸುಲಕ್ಷಾಳ ಹೆಗಲು ಹಿಡಿದು.
ಎಪ್ಪತ್ತೆಂಟರ ತೋಳು. ಸೂಜಿ ತಾಗಿದರೆ ಜಾರುವ ನರ.
"ನಿಧಾನ ಬಾಯ್" ಎನ್ನುವರು,
ನನಗೋ, ನರಕ್ಕೋ.

ಸೇತುವೆಗೆ ಮೊದಲು ಕಾಳಿಯಲ್ಲಿ ತಾರಿ ನಡೆಸಿದವರು.
ಸೇತುವೆ ಬಂದು ಎಷ್ಟೋ ವರ್ಷದ ಮೇಲೂ
ಸದಾಶಿವಗಡದ ದಡದಿಂದ ಯಾರೋ ಕರೆಯುತ್ತಿದ್ದರಂತೆ ರಾತ್ರಿ:
ತಾರೀ... ಓ ತಾರೀ...
ಎರಡು ಸಲ ಹೊಳೆಗೆ ಇಳಿದಿದ್ದರು, ದೋಣಿಯಿಲ್ಲದೆ.

ಬೇರೆ ಮಾತ್ರೆ ಯಾವುದೂ ನಾಟಲಿಲ್ಲ.
ಕಡೆಗೆ ಇದು: ಹಳದಿ, ಸಣ್ಣದು, ಅರ್ಧ ಮುರಿದು ಶುರು.
ಮೂರನೇ ವಾರಕ್ಕೆ ಆಚೆ ದಡ ಸುಮ್ಮನಾಯಿತು.
"ಯಾರೂ ಕಾಯ್ತಾ ಇಲ್ಲ ಈಗ" ಅಂದರು.
ಸಂತೋಷವೋ ಏನೋ ತಿಳಿಯದೆ ನಾನು ಹತ್ತಿ ಒತ್ತಿದೆ.

ಈ ಮಾತ್ರೆಗೊಂದು ಷರತ್ತು, ವಾರವಾರ ರಕ್ತ ಎಣಿಸಬೇಕು.
ಎಲ್ಲೋ ಕೆಲವರಿಗೆ, ವಯಸ್ಸಾದವರಿಗೆ ತುಸು ಹೆಚ್ಚು,
ಬಿಳಿಕಣ ಹೇಳದೆ ಕೇಳದೆ ಖಾಲಿಯಾಗುತ್ತದೆ.
ಮೊದಲು ಆರು ಸಾವಿರ. ಐದೂವರೆ. ಐದು. ಮತ್ತೆ ಐದೂವರೆ.
ಸಹಿ ಹಾಕಿ ಚಹಾಕ್ಕೆ ಹೋಗುವುದು ನನಗೂ ರೂಢಿಯಾಗಿತ್ತು.

ಒಂಬತ್ತನೇ ಸೋಮವಾರ ಗಂಟಲು ನೋವು.
ಹೊಳೆಗಾಳಿ, ಅಂದಳು ಸುಲಕ್ಷಾ; ಸೋಲಕಡಿಯೂ ಉರಿಯುತ್ತಂತೆ.
ಯಂತ್ರ ಸಾವಿರದ ಇನ್ನೂರು ಅಂದಿತು. ನಂಬಲಿಲ್ಲ, ಯಂತ್ರಕ್ಕೂ ವಯಸ್ಸಾಗಿದೆ.
ಗಾಜಿನ ಮೇಲೆ ಹನಿ ಎಳೆದು, ಬಣ್ಣ ಹಾಕಿ ಕೂತೆ.
ನಮ್ಮ ಎಣಿಕೆಪೆಟ್ಟಿಗೆಗೆ ಐದು ಗುಂಡಿ, ನೂರಾದರೆ ಗಂಟೆ.
ತೋರುಬೆರಳಿನ ಗುಂಡಿ ನ್ಯೂಟ್ರೊಫಿಲ್‌ನದು;
ಒತ್ತಿ ಒತ್ತಿ ಅದರ ಅಕ್ಷರ ಅಳಿಸಿಹೋಗಿದೆ.
ಅವತ್ತು ಆ ಬೆರಳು ಎತ್ತಿದಂತೆಯೇ ಇತ್ತು.
ಗುಲಾಬಿ ಬಯಲು, ಇಳಿತದ ಹೊತ್ತಿನ ಮರಳಿನಂತೆ, ಹುಡುಕಿದಷ್ಟೂ ಬಯಲು.
ಟಿಣ್ ಅಂದಾಗ ನೋಡಿದೆ:
ಹನ್ನೊಂದು.

ಡಾಕ್ಟರಿಗೆ ಫೋನಿನಲ್ಲಿ ಅಂಕಿ ಎರಡು ಸಲ ಹೇಳಿದೆ.
ಮಾತ್ರೆ ಆ ಕ್ಷಣ ಬಂದ್.
ಮೂಲೆಯ ಕೋಣೆ, ಬಾಗಿಲಿಗೆ ಪರದೆ, ಜ್ವರ.
ದಿನಾ ನಾನೇ ಎಣಿಸಿದೆ. ಒಂಬತ್ತು. ಹದಿಮೂರು.
ಭಾನುವಾರ ರಜೆಯಲ್ಲೂ ಬಂದೆ, ಮತ್ತೆ ಒಂಬತ್ತು.
ಎಂಟನೇ ದಿನ ಇಪ್ಪತ್ತಾರು ಕಂಡು ಒಬ್ಬಳೇ ನಕ್ಕೆ,
ಪಕ್ಕದ ಕೋಣೆಯ ಹುಡುಗ ಇಣುಕಿ ಹೋದ.

ಮತ್ತೆಂದೂ ಕೊಡಕೂಡದು ಎಂದು ಫೈಲಿನ ಮೇಲೆ ಕೆಂಪಕ್ಷರ.

ಮೊನ್ನೆ ಬಂದಿದ್ದರು. ಐದೂವರೆ ಸಾವಿರ, ಎಲ್ಲ ಸರಿ.
ಸುಲಕ್ಷಾ ಈಗ ಬಾಗಿಲಿಗೆ ಅಡ್ಡ ಮಲಗುತ್ತಾಳೆ,
ಕಣ್ಣ ಕೆಳಗೆ ಕಪ್ಪು.
ಅವಳು ಚೀಟಿ ತರಲು ಹೋದಾಗ ಅವರು ಬಾಗಿದರು:
"ಬಾಯ್, ನಿನ್ನೆ ಕರೆದರು."
ಏನಂದಿರಿ?
"ನೀರು ಇಳಿಯಲಿ ಅಂದೆ."