ಸುಲ್ತಾನನ ಅಳತೆ

ನನ್ನ ಅಳತೆ ಪುಸ್ತಕದ ನಲ್ವತ್ತೊಂದನೇ ಪುಟದಲ್ಲಿ
ಇನ್ನೂ ಇದ್ದಾನೆ, ಮಾರಾಯ:
ಎದೆ ಐವತ್ತಾರು, ಸೊಂಟ ಐವತ್ತೆಂಟು,
ಕುತ್ತಿಗೆ ಇಲ್ಲ.
ಹುಡುಕಿದೆ. ತಲೆ ಮುಗಿದಲ್ಲೇ ಹೆಗಲು ಸುರು.

ಮನಾಮದ ಗಲ್ಲಿ, ಚಿನ್ನದಂಗಡಿಗಳ ಬೆನ್ನಿಗೆ
ನನ್ನದೊಂದು ಮೆಷಿನು, ಸದಾ ಅಳುವ ಒಂದು ಎಸಿ.
ಅವನು ಬಾಗಿಲು ತುಂಬ ಬಂದು ನಿಂತ ದಿನ
ಕರೆಂಟು ಹೋಯಿತೆಂದು ಮೇಣದ ಬತ್ತಿ ಹುಡುಕಿದೆ.
"ವಾಮನಣ್ಣ ನೀವೆಯಾ? ನಾನು ಪೊಡಿಮೋನು."
ಬ್ಯಾರಿ ಭಾಷೆಯಲ್ಲಿ, ಪುಟ್ಟ ಮಗು.
ಉಪ್ಪಿನಂಗಡಿಯ ಅವನ ಉಮ್ಮ ಹೆಸರಿಡುವಾಗ
ಮುಂದಿನದು ಯೋಚಿಸಿರಲಿಕ್ಕಿಲ್ಲ.
ಮೂರು ಹೆಜ್ಜೆಯಲ್ಲಿ ಲೋಕ ಅಳೆದವನ ಹೆಸರು ನನ್ನದು;
ಇವನಿಗೊಂದು ಸುತ್ತು ಬರಲು
ನಾಲ್ಕು ಬೇಕಾಯಿತು.

ಹಗಲು ಗ್ಯಾಸ್ ಸಿಲಿಂಡರು,
ಲಿಫ್ಟಿಲ್ಲದ ಐದನೇ ಮಾಳಿಗೆಗೆ, ಹೆಗಲಿಗೊಂದರಂತೆ.
ಗುರುವಾರ ರಾತ್ರಿ, ಮುಚ್ಚಿದ ಟಾಕೀಸಿನೊಳಗೆ,
ಅವನೇ ಶಮಾಲ್ ಸುಲ್ತಾನ್!
ಶಮಾಲ್ ಎಂದರೆ ಇಲ್ಲಿ ಬೀಸುವ ಧೂಳುಗಾಳಿ.
ಹಗ್ಗದ ಮೇಲಿಂದ ಅವನು ಬಿದ್ದಾಗ
ಏಳುತ್ತಿದ್ದುದೂ ಅದೇ.

ಎದುರಾಳಿ ಫೌಲಾದ್ ಖಾನ್, ಲಾಹೋರಿನವ,
ಅವನ ರೂಮಿನಲ್ಲೇ ಕೆಳಗಿನ ಮಂಚ.
ಬೆಳಿಗ್ಗೆ ಒಂದೇ ತಟ್ಟೆಯಲ್ಲಿ ಪರೋಟ ಹರಿದವರು
ರಾತ್ರಿ ಪರಸ್ಪರ ಹರಿಯುವ ಶಪಥ ಹಾಕುವರು.
"ಕುರ್ಚಿಯಲ್ಲಿ ಹೊಡಿ, ಎಡ ಮಂಡಿಗೆ ಮಾತ್ರ ಬೇಡ,
ನಾಳೆ ಸಲ್ಮಾನಿಯಾದಲ್ಲಿ ಹದಿನಾಲ್ಕು ಸಿಲಿಂಡರ್ ಉಂಟು."
ಪಿಸುಮಾತು ಒಮ್ಮೆ ಮೈಕಿಗೆ ಬಿತ್ತು.
ಮುನ್ನೂರು ಜನ ಕೇಳಿದರು, ಒಬ್ಬರೂ ನಗಲಿಲ್ಲ.
ಎಲ್ಲರಿಗೂ ನಾಳೆ ಡ್ಯೂಟಿ ಇತ್ತು.

ಚಿನ್ನದ ಬಣ್ಣದ ಚಡ್ಡಿ ಹೊಲಿದವನು ನಾನು.
ಹಿಂದುಗಡೆ ಬಿರುಗಾಳಿಯ ಸುಳಿ, ಕಿತ್ತಳೆ ನೂಲಿನ ಕಸೂತಿ,
ಎರಡು ರಾತ್ರಿಯ ಕೆಲಸ.
ಜನ ಅದನ್ನು ಜಿಲೇಬಿ ಎಂದರು.
ನಾನು ಊಟ ಬಿಟ್ಟೆ. ಅವನೋ,
"ಜಿಲೇಬಿ! ಜಿಲೇಬಿ!" ಎಂದು ಗ್ಯಾಲರಿ ಕೂಗಿದಾಗ
ತಿರುಗಿ, ಬಗ್ಗಿ, ಎಲ್ಲ ದಿಕ್ಕಿಗೂ ಬಡಿಸಿದ.
ಫೈನಲಿನಲ್ಲಿ ಅದು ಹರಿಯಿತು.
ನೂಲಿನ ತಪ್ಪಲ್ಲ, ಬಿರಿಯಾನಿಯದು.
ಕಂಬಕ್ಕೆ ಬೆನ್ನು ಹಚ್ಚಿದವನು ಬಿಡದೆ, ಅಲ್ಲಿಂದಲೇ ಗೆದ್ದ;
ಹೊಸ ಪಟ್ಟು ಎಂದು ಗ್ಯಾಲರಿಯಲ್ಲಿ ವಾದವೋ ವಾದ.

ರೆಫರಿ ನೆಲ ಬಡಿದು ಎಣಿಸುವಾಗ
ಒಂದು, ಎರಡು,
ಎರಡೂ ಮುಕ್ಕಾಲಿಗೆ ಹೆಗಲೆತ್ತುವುದು ಅವನ ಕ್ರಮ.
ಸಾಲ ತೀರಿಸುವುದೂ ಹಾಗೇ.

ಆಗಸ್ಟಿನ ಮಧ್ಯಾಹ್ನ, ಚಾದಂಗಡಿಯ ಎದುರು,
ಖಾಲಿ ಸಿಲಿಂಡರನ್ನು ಮೆಲ್ಲಗೆ ಕೆಳಗಿಟ್ಟು
ಪಕ್ಕದಲ್ಲಿ ತಾನೂ ಮಲಗಿದ.
ಚಾದ ಹುಡುಗ ಕಮ್ರುಲ್ ನಗುತ್ತಾ ಓಡಿ ಬಂದು
ಬೋರಲು ಬಿದ್ದು ರಸ್ತೆ ಬಡಿದ: ಒಂದು! ಎರಡು!
ನಾವೆಲ್ಲ ಗ್ಲಾಸು ಹಿಡಿದು ಕಾದೆವು,
ಮುಕ್ಕಾಲಿಗೆ.

ಕಮ್ರುಲ್ ಮೂರು ಅನ್ನಲಿಲ್ಲ. ಈಗಲೂ ಅನ್ನುವುದಿಲ್ಲ.
ಚಾದ ಲೆಕ್ಕದಲ್ಲೂ ಎರಡಾದ ಮೇಲೆ ನಾಲ್ಕು.
ಹೆಚ್ಚಿನ ನೂರು ಫಿಲ್ಸ್ ಕೊಡುತ್ತೇವೆ, ಸುಮ್ಮನೆ.

ಬಿಳಿ ಬಟ್ಟೆಗೆ ಫೌಲಾದ್ ಖಾನ್ ನನ್ನಲ್ಲಿಗೇ ಬಂದ.
ಅದಕ್ಕೆ ಹೊಲಿಗೆ ಇಲ್ಲವಂತೆ.
ಸೂಜಿಗೆ ನೂಲು ಪೋಣಿಸಿ ಕೂತವನು ನಾನು, ಏನು ಮಾಡಲಿ,
ನಲ್ವತ್ತೊಂದನೇ ಪುಟ ತೆರೆದು
ತುಂಡಿಗೊಂದು ಗಜ ಹೆಚ್ಚೇ ಕತ್ತರಿಸಿದೆ.
ಹೊತ್ತವರು ಹನ್ನೆರಡು ಜನ, ದಾರಿಯಲ್ಲಿ ಮೂರು ಸಲ ಬದಲಿ.
ಇಳಿಸುವಾಗ ಫೌಲಾದ್ ಬಗ್ಗಿ, ಯಾರಿಗೋ,
"ಎಡ ಮಂಡಿ, ಜೋಪಾನ" ಅಂದ.

ಹೊಸ ಚಡ್ಡಿ ಇನ್ನೂ ಹ್ಯಾಂಗರಿನಲ್ಲುಂಟು,
ಬಾಕಿ ಎರಡೂ ಮುಕ್ಕಾಲು ದಿನಾರು.
ಎಸಿ ಗಾಳಿಗೆ ಕೆಲವೊಮ್ಮೆ ಉಬ್ಬುತ್ತದೆ.
ನಿನ್ನೆ ಒಬ್ಬ ಗಿರಾಕಿ ಮುಟ್ಟಿ ನೋಡಿ
"ಸೋಫಾದ ಕವರಾ?" ಎಂದು ಕೇಳಿದ.
ಹೌದು, ಅಂದೆ, ಇಬ್ಬರು ಕೂರುವ ಸೋಫಾದ್ದು.
ಕೊಡಲಿಲ್ಲ.