ನಿಮ್ಮಲ್ಲೆ ಮಳಿ?

ಸಂಜಿ ನಾಕೂವರಿ. ಚಹಾ ಇನ್ನೂ ಬಸಿಯೊಳಗ ಸುಡತದ.
'ಹುಬ್ಬಳ್ಳಿ?' ಅಂತೀನಿ.
'ಹೇಳ್ರಿ, ಧಾರವಾಡ' ಅಂತಾಳ ಮಾರ್ಥಾ.
ನೌಕರಿ ಮುಗದು ಹತ್ತೊಂಬತ್ತು ವರ್ಷ,
ಕಿವಿಗೆ ಹೆಡ್‌ಫೋನ್ ಇಲ್ಲ, ಎದುರಿಗೆ ಬೋರ್ಡ್ ಇಲ್ಲ,
ಆದರೂ ನಾವು ಊರಿನ ಹೆಸರಿಲೇನೇ ಕರಕೋತೀವಿ.

'ನಿಮ್ಮಲ್ಲೆ ಮಳಿ?'
'ಎಲ್ಲೀ ಮಳಿ. ಒಣಹಾಕಿದ ದುಪ್ಪಟಿ ಹಂಗ ಬೆಳ್ಳಗ ಐತಿ
ಕೇಶ್ವಾಪುರದ ಆಕಾಶ. ನಿಮ್ಮಲ್ಲೆ?'
'ಮಾಳಮಡ್ಡಿಯೊಳಗ ರಾತ್ರಿ ಹನ್ನೊಂದು ಹನಿ ಬಿತ್ತು.
ಎಣಿಸೀನಿ. ತಗಡಿನ ಮ್ಯಾಲೆ.'
ನಡುವ ಇಪ್ಪತ್ತು ಕಿಲೋಮೀಟರ್.
ಅಲ್ಲೆ ಬಿಸಲಾಗ ಬಸ್ ಹತ್ತಿದವರು
ಇಲ್ಲೆ ಛತ್ರಿ ಬಿಚ್ಚಿ ಇಳೀತಾರ.

ಆಗೆಲ್ಲ ಟ್ರಂಕ್ ಕಾಲಿಗೆ ಮೂರು ನಿಮಿಷ.
ರೊಕ್ಕ ಕೊಟ್ಟು, ತಾಸುಗಟ್ಟಲೆ ಕಾದು
ಮಂದಿ ಮೊದಲನೇ ನಿಮಿಷ ಮಳಿಗೇ ಸುರೀತಿದ್ರು.
ಹತ್ತಿ ದಲಾಲರು, ಬ್ಯಾಡಗಿ ಮೆಣಸಿನಕಾಯಿಯವರು,
ಗದಗಿನ ಪ್ರೆಸ್ಸಿನವರು,
ಮಗಳು ಹಡದಾಳೋ ಇಲ್ಲೋ ಕೇಳಬೇಕಾದವರೂ
'ರೋಹಿಣಿ ಹ್ಯಾಂಗ? ಹದಾ ಆತೇನು?'
ನಾನು ಇಲ್ಲೆ, ಮಾರ್ಥಾ ಅಲ್ಲೆ, ಗಡಿಯಾರ ನೋಡಿಕೋತ
ಒಳಗೊಳಗೇ ಬೈತಿದ್ವಿ: ವಿಷಯಕ್ಕ ಬರ್ರಿ, ಯಜಮಾನ್ರ.
ಬರೋದರೊಳಗ 'ಮೂರು ನಿಮಿಷ ಆತ್ರಿ' ಅನಬೇಕು.
ಎಷ್ಟು ವಿಷಯ ಉಳದುಹೋದವೋ ಆ ತಂತಿಯೊಳಗ.

ಈಗ ಪುಕ್ಕಟೆ. ಯಾರೂ ಎಣಸೂದಿಲ್ಲ.
ನಾವೂ ವಿಷಯಕ್ಕ ಬರೂದಿಲ್ಲ.

ಅಬ್ಬಲಿಗಿಗೆ ಹುಳ ಬಿದ್ದಾವ ಅಂದರ ಬೂದಿ ಉಗ್ಗು ಅಂತಾಳ.
ಬದನಿ ಗಿಡದ ಎರಡೆಲಿ ಕೂಡಿಸಿ ಸಿಂಪಿಗ ಹಕ್ಕಿ
ನನ್ನ ಹರಕು ಗಾದಿಯ ಹತ್ತಿ ಕದ್ದು ಗೂಡು ಹೊಲದದ.
'ಹೊಲಿಗಿ ನಿನ್ನಕಿಂತ ನೀಟ' ಅಂದೆ.
'ನನ್ನಕಿಂತ ಕೆಟ್ಟ ಹೊಲಿಯೂ ಹಕ್ಕಿ ದೇವರು ಇನ್ನೂ ಮಾಡಿಲ್ಲ' ಅಂದ್ಲು.
ಆಕಿ ಹಿತ್ತಲಕ್ಕ ಹರಟೆಮಲ್ಲ ಬರತಾವ, ಏಳೋ ಎಂಟೋ,
ಒಣಾ ಎಲಿ ಒದ್ದು ಒದ್ದು ಜಗಳಾಡತಾವ.
'ಥೇಟ್ ನಮ್ಮ ಎಕ್ಸ್‌ಚೇಂಜ್ ನೋಡು, ದೀಪಾವಳಿ ಹಿಂದಿನ ದಿನ.'

ಆಕಿ ನಾಯಿಯ ಹೆಸರು ಲೈಟ್ನಿಂಗ್.
ಎಂಟು ಪಟ್ಟು ರೊಕ್ಕ ಕೊಟ್ಟರ
ಎಲ್ಲಾರನೂ ಸರಿಸಿ ಮುಂದ ಹೋಗತಿದ್ದ ಕಾಲಿನ ಹೆಸರು.
ಹದಿಮೂರು ವರ್ಷ ಈಗ ಅದಕ್ಕ.
ಪಡಸಾಲಿಯಿಂದ ಗೇಟಿಗೆ ಹೋಗಲಿಕ್ಕೆ
ಆರ್ಡಿನರಿ ಕಾಲ್‌ಗಿಂತ ತಡಾ ಮಾಡತದ.

ಎಪ್ಪತ್ತೊಂದರ ಒಂದು ಸಂಜಿ, ನನ್ನ ಬೋರ್ಡಿನ್ಯಾಗ,
ಧಾರವಾಡದ ಹುಡುಗ ಹುಬ್ಬಳ್ಳಿಯ ಕಾಕಾಗ ಹೇಳಿದ:
'ಆ ಟೆಲಿಫೋನ್ ಹುಡುಗಿ ನನಗ ಬ್ಯಾಡ. ಉಂಗುರ ತಿರುಗಿ ತಗೊಂಬರ್ರಿ.'
ಮಳಿ ಸುದ್ದಿ ಇಲ್ಲದ ಕಾಲ್
ನನ್ನ ಸರ್ವಿಸ್ಸಿನೊಳಗ ಅದೊಂದೇ.
ನಲವತ್ತು ಸೆಕೆಂಡಿನೊಳಗ ಮುಗೀತು.
ಮೂರು ನಿಮಿಷದ ಚಾರ್ಜು ಹಾಕಿದೆ.

ಆ ತುದಿಗೆ ಪ್ಲಗ್ ಹಿಡದು ಕೂತಾಕಿ ಯಾರು ಅಂತ ನನಗ ಗೊತ್ತಿತ್ತು.
ತಂತಿ ಖಾಲಿ.
ಆಕಿ ಉಸಿರು ನನಗ ಕೇಳಸತಿತ್ತು, ನಂದು ಆಕಿಗೆ.
ಏನರೆ ಅನಬೇಕಿತ್ತು.
'ಹುಬ್ಬಳ್ಳಿ' ಅಂದೆ, 'ನಿಮ್ಮಲ್ಲೆ ಮಳಿ?'
ಬಹಳ ಹೊತ್ತಿನ ಮ್ಯಾಲೆ ಬಂತು
'ಇಲ್ರಿ, ಧಾರವಾಡ. ಮೋಡ ಆಗೇತಿ.'

ಇವತ್ತ ಮಾತಿನ ನಡುವ ಫೋನಿನೊಳಗ ಗುಡುಗು.
'ಲೈಟ್ನಿಂಗ್ ಮಂಚದ ಬುಡಕ್ಕ ಹೋತು' ಅಂದ್ಲು.
ಚೂರು ತಡದು ಅದೇ ಗುಡುಗು
ನವಲೂರ ಪೇರಲ ತ್ವಾಟ ದಾಟಿ
ಸಾವಕಾಶ ನನ್ನ ಕಿಟಕಿಗೆ ಬಂತು.
ಸಿಂಪಿಗ ಎಲಿಯೊಳಗ ತೆಪ್ಪಗಾತು.
'ಮುಟ್ಟಿತೇನು?'
'ಮುಟ್ಟಿತು.'
'ತಡಿ, ಅರಿವಿ ತಕ್ಕೊಂಡು ಬರ್ತೀನಿ. ಇಡಬ್ಯಾಡ.'

ಇಡಲಿಲ್ಲ. ಆಕಿ ಅಂಗಳದಾಗ ಬಕೀಟಿನ ಮ್ಯಾಲೆ
ಹನಿ ಬೀಳೂದು ಕೇಳಿಕೋತ
ಆರಿದ ಚಹಾ ಕುಡದೆ.
ನಮ್ಮಲ್ಲೆ ಇನ್ನೂ ಬಿಸಲಿತ್ತು.