ದೂರದ ಚಕ್ರ ಮೊದಲು

ಕೊಯಮತ್ತೂರಿನ ಟ್ರ್ಯಾಕಿನಲ್ಲಿ, ಹೋದ ಮಾರ್ಚಿಯಲ್ಲಿ,
ನಾಲ್ಕನೇ ಸುತ್ತಿಗೆ ಪೆಡಲು ನೆಲ ಮುಟ್ಟಿತು.
ಕಾಲ ಕೆಳಗೆ ಏನೂ ಇರಲಿಲ್ಲ,
ಕತ್ತಲಲ್ಲಿ ಇಲ್ಲದ ಮೆಟ್ಟಿಲೊಂದನ್ನು ಇಳಿದ ಹಾಗೆ.
ತಿರುವು ತನ್ನ ಪಾಡಿಗೆ ತಿರುಗಿತು. ನಾನು ನೇರ ಹೋದೆ,
ಜಲ್ಲಿ ದಾಟಿ, ಹುಲ್ಲು ದಾಟಿ,
ಟೈರು ಪೇರಿಸಿದ ಗೋಡೆಗೆ ಮೊಳ ದೂರ.
ಹೆಲ್ಮೆಟ್ಟಿನೊಳಗೆ ನನ್ನದೇ ಉಸಿರು, ಬೇರೆ ಯಾರದ್ದೋ ಎಂಬಂತೆ.

ಜಬೀವುಲ್ಲಾ ಭಾಯಿ ಕತೆ ಪೂರ್ತಿ ಕೇಳಲಿಲ್ಲ.
ಲಷ್ಕರ್ ಮೊಹಲ್ಲಾದ ಶೆಡ್ಡಿನಲ್ಲಿ ನನ್ನ ಎಸ್ಟೀಮನ್ನು
ನಾಲ್ಕು ಸ್ಟ್ಯಾಂಡಿನ ಮೇಲೆ ಎತ್ತಿ ಕೂರಿಸಿ
ಪ್ಯಾಡು ಬಿಚ್ಚಿ ಉಗುರಲ್ಲಿ ಗೀರಿದರು. ಗಾಜು.
"ನೋಡಿ ಮೇಡಂ, ಮುಖ ಕಾಣ್ತದೆ."
ಡಬ್ಬಿಯಿಂದ ಎಳೆದ ಬ್ರೇಕ್ ಆಯಿಲು
ಆಲೆಮನೆಯ ಕೊಪ್ಪರಿಗೆಯ ತಳದ ಬಣ್ಣ.
"ಇದು ಕುದ್ದಿದೆ. ಕುದ್ದರೆ ಗಾಳಿ. ಗಾಳೀನ
ಎಷ್ಟು ಒತ್ತಿದ್ರೂ ಚಕ್ರಕ್ಕೆ ಸುದ್ದಿ ಮುಟ್ಸಲ್ಲ."

ಹೊಸ ಕ್ಯಾಮ್‌ಶಾಫ್ಟಿನ ಬೆಲೆಪಟ್ಟಿ
ಪರ್ಸಿನಲ್ಲಿ ನಾಲ್ಕು ಮಡಿಕೆಯಾಗಿತ್ತು. ತೆಗೆಯಲಿಲ್ಲ.
ಅದಕ್ಕೆಂದು ಎತ್ತಿದ ಚೀಟಿ ದುಡ್ಡಿನಲ್ಲಿ ಬಂದದ್ದು
ಗುಜರಿಗೆ ಹೋದ ಬಲೇನೋದ ದೊಡ್ಡ ಡಿಸ್ಕು, ಕ್ಯಾಲಿಪರು,
ಒಳಗೆ ಹೊಸ ಸೀಲು, ಬೇರಿಂಗು,
ಬೆಳ್ಳಿ ಉಡಿದಾರದಂಥ ಹೆಣೆದ ಉಕ್ಕಿನ ಹೋಸು.
ಬಂಬೂ ಬಜಾರಿನ ಲೇತಿನಲ್ಲಿ ಪುಟ್ಟಲಿಂಗಾಚಾರಿ
ಡಿಸ್ಕಿನ ಓರೆ ತೆಗೆಯುವಾಗ ಅಳತೆಯ ಮುಳ್ಳು
ನಡುಗಿ, ನಡುಗಿ, ಸುಮ್ಮನಾಯಿತು.
"ಯಾರ ಗಾಡಿ?" ಅಂದರು. ನನ್ನದು ಅಂದೆ.
ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ಮುಳ್ಳು ನೋಡಿದರು.

ಕೊನೆಗೆ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು.
ಹುಡುಗ ಅಕ್ಕನ ಮದುವೆಗೆ ಚನ್ನಪಟ್ಟಣಕ್ಕೆ ಹೋಗಿದ್ದ.
ಪೆಡಲಿಗೆ ನಾನೇ.
"ದೂರದ ಚಕ್ರ ಮೊದಲು" ಎಂದು ಭಾಯಿ
ಹಿಂದೆ ಎಡಕ್ಕೆ, ಕಾಣದ ಕಡೆ ಮಲಗಿದರು.
ಅಲ್ಲಿಂದ ದನಿ ಮಾತ್ರ:
ಒತ್ತಿ.
ಹಿಡೀರಿ.
ಬಿಡಿ.

ಹತ್ತೊಂಬತ್ತು ವರ್ಷದಿಂದ
ದೊಡ್ಡಾಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ
ಸೀಸದ ಗೋಡೆಯ ಹಿಂದೆ ನಿಂತು ನಾನು ಹೇಳುವ ಮಾತಿದು.
ಉಸಿರು ಎಳೀರಿ. ಹಿಡೀರಿ. ಬಿಡಿ.
ದಿನಕ್ಕೆ ಎಂಬತ್ತು ಎದೆ.
ಈಗ ನನಗೆ ಯಾರೋ ಹೇಳುತ್ತಿದ್ದಾರೆ, ಮುಖವಿಲ್ಲದೆ.
ತೊಡೆ ನಡುಗುತ್ತಿತ್ತು.
ಹಿಡಿ ಮತ್ತು ಬಿಡುವಿನ ನಡುವೆ ಇಷ್ಟು ಜಾಗ ಇದೆಯೆಂದು
ಯಾವ ರೋಗಿಯೂ ಹೇಳಿರಲಿಲ್ಲ.

ಸಲೈನ್ ಪೈಪಿನಲ್ಲಿ ಬರುವ ಗುಳ್ಳೆಗಳನ್ನು
ಭಾಯಿ ಕೂಗಿ ಹೇಳುತ್ತಿದ್ದರು:
"ಕಡಲೆ. ಇನ್ನೂ ಕಡಲೆ. ಒತ್ತಿ... ಸಾಸಿವೆ ಬಂತು.
ಹಿಡೀರಿ, ಹಿಡೀರಿ... ರಾಗಿ."
ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ.
"ಎಳನೀರು" ಎಂದರು.
ಪಾದದಡಿ ಪೆಡಲು ಎದ್ದು ನಿಂತಿತ್ತು.

ರಾತ್ರಿ ಹನ್ನೊಂದಕ್ಕೆ ರಿಂಗ್ ರೋಡಿನಲ್ಲಿ ಪ್ಯಾಡು ಪಳಗಿಸಿದೆವು.
ಎಂಬತ್ತಕ್ಕೆ ಏರಿ ಇಪ್ಪತ್ತಕ್ಕೆ ಇಳಿ, ಪೂರ್ತಿ ನಿಲ್ಲಬಾರದು, ಮತ್ತೆ ಏರು.
ಆರನೇ ಸಲಕ್ಕೆ ಸುಟ್ಟ ವಾಸನೆ, ಏಳನೇ ಸಲಕ್ಕೆ
ಹಿಂದೆ ನೀಲಿ ಕೆಂಪು ದೀಪ.
"ಏನಮ್ಮ, ಬ್ರೇಕ್ ಹಿಡೀತಾ ಇಲ್ವಾ?"
"ಹಿಡೀತಾ ಇದೆ ಸಾರ್."
"ಮತ್ತೆ ಯಾಕೆ ಹಿಡೀತೀರಿ?"
ಭಾಯಿ ಕಿಟಕಿಯಾಚೆ ಮುಖ ತಿರುಗಿಸಿ ನಗುತ್ತಿದ್ದರು.
ಚಾಮುಂಡಿ ಬೆಟ್ಟದ ದೀಪದ ಸಾಲು ನೋಡುತ್ತಿದ್ದೇನೆ ಎಂದೇ
ಇವತ್ತಿಗೂ ವಾದ.

ಬೆಳಿಗ್ಗೆ ಮೊದಲ ಟೋಕನ್ನು ಪಾಂಡವಪುರದ ಅಜ್ಜ,
ಮೂರು ವಾರದ ಕೆಮ್ಮು.
ಗದ್ದ ಮೇಲೆ, ಭುಜ ಮುಂದೆ, ಎದೆ ಒತ್ತಿ ನಿಂತರು.
ಉಸಿರು ಎಳೀರಿ, ಅಂದೆ. ಹಿಡೀರಿ, ಅಂದೆ.
ಗುಂಡಿ ಒತ್ತಿದೆ.
ಒತ್ತಿದವಳು ಎಲ್ಲಿ ಹೋದೆನೋ,
ನೇರ ದಾರಿಯ ಕೊನೆ, ತಿರುವು,
ಅಲ್ಲಿ ಬಲಗಾಲು...

ಗೋಡೆಯಾಚೆಯಿಂದ, ಇದ್ದಬದ್ದ ಉಸಿರಲ್ಲಿ:
"ಬುಡ್ಲಾ, ಅವ್ವಾ?"

ಬುಡಿ, ಬುಡಿ ತಾತ, ಅಂದೆ.